ದಾದಿಯ ಮುಂಗೈ ಮೇಲಿನ ಹಚ್ಚೆ

ನಮ್ಮ ದಾದಿಯ ಬಲ ಮುಂಗೈ ಮೇಲೆ ಹಸಿರು ಹಚ್ಚೆಯೊಂದಿತ್ತು. ಐದು ಚುಕ್ಕೆ, ಸುತ್ತ ಒಂದು ಬಳ್ಳಿ. ಮದುವೆಗೆ ಮುಂಚೆ ಊರಿನ ಗೆಳತಿಯರ ಜೊತೆ ಕೂತು ಹಾಕಿಸಿಕೊಂಡದ್ದಂತೆ. ಹಚ್ಚೆ ಹಾಕುವ ಕೊರವಂಜಿ ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಹಾಡು ಹೇಳುತ್ತ ಚುಚ್ಚುತ್ತಿದ್ದಳಂತೆ. ಸತ್ತಾಗ ಒಡವೆ ವಸ್ತ್ರವನ್ನೆಲ್ಲ ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರುವುದು ಎಂಬುದು ಆ ಹೆಂಗಸರ ನಂಬಿಕೆ. ಅದನ್ನು ಹೇಳಿ ದಾದಿ ನಗುತ್ತಿದ್ದರು. ಆದರೆ ವುಝೂ ಮಾಡುವಾಗ ಮಾತ್ರ ಆ ಜಾಗವನ್ನು ಎರಡು ಸಲ ಹೆಚ್ಚಿಗೆ ತಿಕ್ಕುತ್ತಿದ್ದರು. ಮಕ್ಕಳಾಗಿದ್ದ ನಮಗೆ ಕಾರಣ ತಿಳಿದಿರಲಿಲ್ಲ.

ತಿಳಿದದ್ದು ಅವರು ತೀರಿಕೊಂಡ ದಿನ. ಮಯ್ಯತ್‌ಗೆ ಗುಸ್ಲ್ ಮಾಡಿಸಲು ಬಂದ ಹೆಂಗಸರಲ್ಲೊಬ್ಬರು ಆ ಕೈಯನ್ನು ಕಂಡು ತಂಬಿಗೆ ಕೆಳಗಿಟ್ಟರು. ಹಚ್ಚೆಯಿರುವ ಮೈಗೆ ನೀರು ಮುಟ್ಟುವುದಿಲ್ಲ, ಗುಸ್ಲ್ ಆಗುವುದಿಲ್ಲ, ಬದುಕಿದ್ದಾಗ ಮಾಡಿದ ನಮಾಜೂ ಸಂದಿರಲಾರದು ಎಂಬ ಪಿಸುಮಾತು ಪರದೆಯಾಚೆಯಿಂದ ಕೇಳಿತು. ಅಮ್ಮಿ ಗೋಡೆಗೊರಗಿ ಕುಸಿದು ಕೂತರು. ಐದು ಹೊತ್ತಿನ ನಮಾಜನ್ನು ಎಂದೂ ಬಿಡದಿದ್ದ ಹೆಂಗಸಿನ ಇಡೀ ಬದುಕನ್ನು ಐದು ಚುಕ್ಕೆಗಳು ತಡೆದು ನಿಲ್ಲಿಸಿದ್ದವು.

ಮಸೀದಿಯ ಮೌಲವಿ ಸಾಹೇಬರನ್ನು ಕೇಳಿಬರಲು ನಮ್ಮನ್ನು ಓಡಿಸಿದರು. ಆ ವೃದ್ಧರು ಹೇಳಿದ್ದು ಇಷ್ಟು: "ಹಚ್ಚೆ ಹಾಕಿಸಿಕೊಳ್ಳುವುದನ್ನು ಪೈಗಂಬರರು ನಿಷೇಧಿಸಿದ್ದಾರೆ, ಅದು ನಿಜ. ಆದರೆ ಬಣ್ಣ ಇರುವುದು ಚರ್ಮದ ಒಳಗೆ. ನೀರು ಮುಟ್ಟಬೇಕಾದದ್ದು ಚರ್ಮದ ಮೇಲೆ. ತಿಳಿಯದ ವಯಸ್ಸಿನಲ್ಲಿ ಆದದ್ದನ್ನು ಕ್ಷಮಿಸುವವನು ಅಲ್ಲಾಹ್. ನಿಮ್ಮ ಕೆಲಸ ನೀರು ಹಾಕುವುದು."

ಕೆಳಗಿಟ್ಟಿದ್ದ ತಂಬಿಗೆ ಮತ್ತೆ ಮೇಲೆದ್ದಿತು.

ಮೌಲವಿ ಸಾಹೇಬರ ಮಾತು ವೈದ್ಯರ ಮಾತೂ ಹೌದು. ಚರ್ಮದ ಮೇಲ್ಪದರ ಕೆಲವು ವಾರಗಳಲ್ಲಿ ಉದುರಿ ಹೊಸದಾಗುತ್ತದೆ. ಬಣ್ಣ ಅಲ್ಲೇ ಇದ್ದಿದ್ದರೆ ಅದೂ ಉದುರಿ ಹೋಗುತ್ತಿತ್ತು. ಸೂಜಿ ಅದನ್ನು ಕೆಳಗಿನ ಪದರಕ್ಕೆ ಇಳಿಸುತ್ತದೆ. ಅಲ್ಲಿ ದೇಹದ ಕಾವಲು ಕಣಗಳು ಅದನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ದಾದಿಯ ಹಚ್ಚೆಯ ಹಸಿರು ಸೊಪ್ಪಿನದೆಂದು ನಾವು ತಿಳಿದಿದ್ದೆವು. ಕಪ್ಪು ಕಾಡಿಗೆಯೇ ಚರ್ಮದ ಅಡಿಯಿಂದ ಹಾಗೆ ಹಸಿರಾಗಿ ಕಾಣುತ್ತದೆ.

ವರ್ಷಗಳು ಕಳೆದರೂ ಇಂಥ ತಿಳಿವಳಿಕೆ ನಮ್ಮ ಮನೆಯನ್ನು ಬಿಟ್ಟು ಹೋಗಲಿಲ್ಲ. ಈಚೆಗೆ ಸಂಬಂಧಿಕರೊಬ್ಬರ ಶಸ್ತ್ರಚಿಕಿತ್ಸೆಗೆ ರಕ್ತ ಬೇಕಾಯಿತು. ಅದೇ ಗುಂಪಿನ ರಕ್ತದ ಹುಡುಗ ಮನೆಯಲ್ಲೇ ಇದ್ದ. ಅವನ ತೋಳಿನ ಮೇಲೆ ನಾಲ್ಕು ವರ್ಷದ ಹಿಂದಿನ ಹಚ್ಚೆ. "ಅವನ ರಕ್ತ ಕೆಟ್ಟಿದೆ, ತೆಗೆದುಕೊಳ್ಳುವುದಿಲ್ಲ" ಎಂದು ಹಿರಿಯರು ತಾವೇ ತೀರ್ಪು ಕೊಟ್ಟುಬಿಟ್ಟರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ನಾವು ಅವನನ್ನು ಕರೆದುಕೊಂಡು ರಕ್ತನಿಧಿಗೆ ಹೋದೆವು.

ಅಲ್ಲಿನ ವೈದ್ಯೆ ವಿವರಿಸಿದರು. ನಮ್ಮ ದೇಶದ 2017ರ ರಕ್ತದಾನ ಮಾರ್ಗಸೂಚಿಯ ಪ್ರಕಾರ ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ಕಾಯಬೇಕು, ಜೀವನವಿಡೀ ಅಲ್ಲ. ಆ ಕಾಯುವಿಕೆಯೂ ಬಣ್ಣದ ಭಯಕ್ಕಲ್ಲ, ಸೂಜಿಯ ಭಯಕ್ಕೆ. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚಿದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಅಂಟಬಹುದು; ಅಂಟಿದ ಹೊಸತರಲ್ಲಿ ಪರೀಕ್ಷೆಗೆ ಸಿಗದೆ ಇರಬಹುದು. ಹುಡುಗ ಅಂದೇ ರಕ್ತ ಕೊಟ್ಟ.

ಅವನಿಗೂ ಒಂದು ತಪ್ಪು ಕಲ್ಪನೆಯಿತ್ತು. ಬೇಡವೆನಿಸಿದ ದಿನ ಲೇಸರ್‌ನಿಂದ ಒಂದೇ ಸಲಕ್ಕೆ ಅಳಿಸಿಬಿಡಬಹುದು ಎಂದುಕೊಂಡಿದ್ದ. ಲೇಸರ್ ಬಣ್ಣವನ್ನು ಪುಡಿ ಮಾಡುತ್ತದೆ, ಅಷ್ಟೆ. ಆ ಪುಡಿಯನ್ನು ದೇಹವೇ ನಿಧಾನವಾಗಿ ಹೊರಸಾಗಿಸಬೇಕು. ಅದಕ್ಕೆ ಹಲವು ಸಲ ಹೋಗಬೇಕು, ತಿಂಗಳುಗಟ್ಟಲೆ ಕಾಯಬೇಕು. ಆದರೂ ಕೆಲವು ಬಣ್ಣ ಪೂರ್ತಿ ಹೋಗುವುದಿಲ್ಲ.

ದಾದಿಯ ಕಾಲದಲ್ಲಿ ಒಂದೇ ಸೂಜಿ ಎಷ್ಟು ಹುಡುಗಿಯರ ಕೈಗೆ ಇಳಿಯಿತೋ ಯಾರೂ ಕೇಳಲಿಲ್ಲ. ಕೇಳಬೇಕಾಗಿದ್ದ ಪ್ರಶ್ನೆ ಅದು. ನಾವು ಕೇಳಿದ್ದು ಚುಕ್ಕೆಗಳ ಬಗ್ಗೆ, ಅದೂ ಉತ್ತರ ಹೇಳಲು ಅವರು ಇಲ್ಲವಾದ ಮೇಲೆ. ಅವರು ಆ ಕೈಯನ್ನು ಎರಡು ಸಲ ಹೆಚ್ಚಿಗೆ ತಿಕ್ಕುತ್ತಿದ್ದದ್ದು ನೆನಪಾದರೆ ಈಗಲೂ ಮನಸ್ಸು ಕಲಕುತ್ತದೆ. ಅವರಿದ್ದಾಗಲೇ ಯಾರಾದರೂ ಒಮ್ಮೆ ಹೋಗಿ ಕೇಳಿಬರಬಹುದಿತ್ತು. ಮಸೀದಿ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ.