ಕುಂಬಳಕಾಯಿ ಕಳ್ಳನ ಹೆಗಲು

‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯನ್ನು ನಾವು ಮನಸ್ಸಿನ ಅಳುಕಿನ ಬಗ್ಗೆ ಹೇಳುವಾಗ ಬಳಸುತ್ತೇವೆ. ಆದರೆ ಆ ಗಾದೆಯೊಳಗೆ ಒಂದು ವಸ್ತುವೂ ಇದೆ, ಬೂದುಗುಂಬಳದ ಮೇಲಿನ ಬಿಳಿ ಪುಡಿ. ಹೊತ್ತವನ ಹೆಗಲಿಗೆ ಅದು ಅಂಟಿಕೊಳ್ಳುತ್ತದೆ. 1910ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಪೊಲೀಸ್ ಪ್ರಯೋಗಾಲಯ ಶುರು ಮಾಡಿದ ಎಡ್ಮಂಡ್ ಲೊಕಾರ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಅಪರಾಧಿ ಸ್ಥಳದಲ್ಲಿ ಏನನ್ನಾದರೂ ಬಿಟ್ಟು ಹೋಗುತ್ತಾನೆ, ಅಲ್ಲಿಂದ ಏನನ್ನಾದರೂ ಮೈಮೇಲೆ ಹೊತ್ತು ಹೋಗುತ್ತಾನೆ.

ಈ ಮಾತಿಗೆ ಪುಸ್ತಕಗಳು ಕೊಡುವ ಉದಾಹರಣೆಗಳಲ್ಲಿ ಒಂದು ರೈಲು ದರೋಡೆಯದು. 1923ರ ಅಕ್ಟೋಬರ್ 11ರಂದು ಅಮೆರಿಕದ ಆರೆಗಾನ್ ರಾಜ್ಯದ ಸಿಸ್ಕಿಯು ಬೆಟ್ಟಗಳಲ್ಲಿ, 13ನೇ ನಂಬರಿನ ಸುರಂಗದ ಬಳಿ ಮೂವರು ಒಂದು ರೈಲನ್ನು ನಿಲ್ಲಿಸಿದರು. ಟಪಾಲು ಬೋಗಿಯನ್ನು ಒಡೆಯಲು ಅವರು ಇಟ್ಟ ಡೈನಮೈಟ್ ಅತಿಯಾಗಿ ಬೋಗಿಯೇ ಹೊತ್ತಿಕೊಂಡಿತು. ಒಳಗಿದ್ದ ಟಪಾಲು ಗುಮಾಸ್ತ ಸತ್ತ. ಹೊರಗೆ ರೈಲಿನ ಮೂವರು ನೌಕರರನ್ನು ಗುಂಡಿಕ್ಕಿ ಕೊಂದರು. ಕೊನೆಗೆ ಒಂದು ಕಾಸೂ ಸಿಗದೆ ಕಾಡಿಗೆ ಓಡಿದರು. ಅವರು ಬಿಟ್ಟುಹೋದ ಸಾಮಾನುಗಳಲ್ಲಿ ಒಂದು ಪಿಸ್ತೂಲು, ಕೆಲಸಗಾರರು ತೊಡುವ ಒಂದು ಓವರಾಲ್ ಇದ್ದವು.

ಓವರಾಲ್ ಮೇಲೆ ಕಪ್ಪು ಜಿಡ್ಡಿನ ಕಲೆ ಕಂಡದ್ದೇ ತಡ, ಹತ್ತಿರದ ಒಬ್ಬ ಗ್ಯಾರೇಜ್ ಮೆಕ್ಯಾನಿಕ್ಕನ್ನು ಹಿಡಿದು ತಂದರು. ಜಿಡ್ಡು ಅಂದರೆ ಗ್ರೀಸು, ಗ್ರೀಸು ಅಂದರೆ ಮೆಕ್ಯಾನಿಕ್! ಆಮೇಲೆ ಆ ಬಟ್ಟೆ ಬರ್ಕ್ಲಿಯಲ್ಲಿದ್ದ ಎಡ್ವರ್ಡ್ ಆಸ್ಕರ್ ಹೈನ್ರಿಕ್ ಎಂಬ ರಸಾಯನಶಾಸ್ತ್ರ ಬಲ್ಲ ತಜ್ಞನ ಕೈಗೆ ಹೋಯಿತು. ಅವನು ನೋಡಿ ಹೇಳಿದ: ಇದು ಗ್ರೀಸಲ್ಲ, ಮರದ ಅಂಟು. ಜೇಬಿನಲ್ಲಿ ಫರ್ ಮರದ ಚೂರುಗಳಿವೆ. ತೊಟ್ಟವನು ಮರ ಕಡಿಯುವವನು, ಎಡಚ. ಪೆನ್ಸಿಲ್ ಇಡುವ ಸಣ್ಣ ಜೇಬಿನ ತಳದಲ್ಲಿ ಮುದುಡಿ ಉಂಡೆಯಾದ ಕಾಗದವೊಂದು ಸಿಕ್ಕಿತು. ಬಿಡಿಸಿದರೆ ಅದು ರಿಜಿಸ್ಟರ್ಡ್ ಅಂಚೆಯ ರಸೀದಿ. ಅದರ ಜಾಡು ಹಿಡಿದು ಹೋದಾಗ ಡಿಆಟ್ರಮಾಂಟ್ ಸಹೋದರರ ಹೆಸರು ಹೊರಬಿತ್ತು. 1927ರಲ್ಲಿ ಒಬ್ಬ ಫಿಲಿಪ್ಪೀನ್ಸಿನಲ್ಲಿ, ಇನ್ನಿಬ್ಬರು ಒಹಾಯೊದಲ್ಲಿ ಸಿಕ್ಕಿಬಿದ್ದರು. ಮೂವರಿಗೂ ಜೀವಾವಧಿ ಶಿಕ್ಷೆಯಾಯಿತು.

ಈ ಕತೆ ಹೇಳುವವರೆಲ್ಲ ‘ಎಡಚ’ ಎಂಬಲ್ಲಿ ದನಿ ಏರಿಸುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ ಎರಡು ಸಂಗತಿ. ಒಂದು, ಆ ಮೆಕ್ಯಾನಿಕ್ ಮನೆಗೆ ಹೋದ. ಇನ್ನೊಂದು, ಮರದ ಅಂಟು ಹೇಳಿದ್ದು ಎಂಥವನು ಎಂಬುದನ್ನು ಮಾತ್ರ; ಯಾರು ಎಂದು ಹೇಳಿದ್ದು ರಸೀದಿ. ಆ ಕಾಡುಗಳಲ್ಲಿ ಮರ ಕಡಿಯುವವರು ಸಾವಿರಾರು ಜನರಿದ್ದರು.

ಎಂಥವನು, ಯಾರು ಎಂಬ ಈ ಎರಡರ ನಡುವಿನ ಅಂತರ ನನಗೆ ದಿನನಿತ್ಯದ ಸಂಗತಿ. ಪಿಎಚ್‌ಡಿಗಾಗಿ ನಾನು ನೋಡುವುದು ಬಟ್ಟೆಯ ನಾರುಗಳನ್ನು. ಸೂಕ್ಷ್ಮದರ್ಶಕದಡಿ ಹತ್ತಿಯ ಎಳೆ ತಿರುಚಿದ ರಿಬ್ಬನ್ನಿನಂತೆ ಕಾಣುತ್ತದೆ, ಉಣ್ಣೆಯ ಮೇಲೆ ಮೀನಿನ ಹುರುಪೆಯಂಥ ಪದರಗಳಿರುತ್ತವೆ, ಪಾಲಿಯೆಸ್ಟರ್ ಗಾಜಿನ ಕಡ್ಡಿಯಂತೆ ನುಣುಪು. ಒಂದು ಎಳೆ ನೀಲಿ ಹತ್ತಿಯೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ಅದು ಯಾರ ಜೀನ್ಸ್‌ನದು ಎಂದು ಕೇಳಿದರೆ, ಬಸ್ ಸ್ಟ್ಯಾಂಡಿನಲ್ಲಿ ನಿಂತ ಅರ್ಧ ಜನರ ಕಡೆ ಕೈ ತೋರಿಸಬೇಕಾಗುತ್ತದೆ.

ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮ ಬೀದಿಯ ಒಂದು ಮನೆಯ ಬೀರುವಿನಿಂದ ಚಿನ್ನದ ಸರ ಹೋಯಿತು. ಪೊಲೀಸರು ಬರುವಷ್ಟರಲ್ಲಿ ಬೀದಿಯ ಜನವೆಲ್ಲ ಆ ಕೋಣೆಗೆ ಹೋಗಿ ಬಂದಿದ್ದರು. ಪುಡಿ ಹಾಕಿ ತೆಗೆದ ಅಚ್ಚುಗಳಲ್ಲಿ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸಿನದೂ ಇತ್ತಂತೆ. ಇರದೆ ಏನು? ವಾರಕ್ಕೊಮ್ಮೆ ಆ ಬೀರು ಒರೆಸುತ್ತಿದ್ದವಳೇ ಅವಳು. ಕೇಸು ಅವಳ ಮೇಲೆ ಆಗಲಿಲ್ಲ. ಆದರೆ ‘ಬೆರಳಚ್ಚು ಸಿಕ್ಕಿದೆಯಂತೆ’ ಎಂಬ ಒಂದು ಮಾತಿಗೆ ಬೀದಿಯ ನಾಲ್ಕು ಮನೆಗಳ ಕೆಲಸ ಹೋಯಿತು. ‘ನನ್ ಕೈ ಮುಟ್ದೆ ಆ ಬೀರು ಹಂಗೆ ಹೊಳೀತಿತ್ತಾ ಅಕ್ಕಾ?’ ಎಂದು ಅವಳು ನನ್ನ ಅಮ್ಮನನ್ನು ಕೇಳಿದ್ದಳು. ವಿಧಿವಿಜ್ಞಾನದ ಪಠ್ಯ ಪೂರ್ತಿ ಓದಿದ ಮೇಲೂ ನನಗೆ ಅದಕ್ಕಿಂತ ಸರಿಯಾದ ಪ್ರಶ್ನೆ ಕಂಡಿಲ್ಲ. ಕುರುಹು ಸಿಕ್ಕಿತೇ ಎಂದು ಕೇಳಿದರೆ ಸಾಲದು. ಅದು ಅಲ್ಲಿರಲು ಬೇರೆ ಕಾರಣ ಇದೆಯೇ ಎಂದೂ ಕೇಳಬೇಕು.

ಹಾಗೆ ಕೇಳದಿದ್ದರೆ ಏನಾಗುತ್ತದೆಂದು ತೋರಿಸಲು ವಾಷಿಂಗ್ಟನ್ನಿನ ಒಂದು ಪ್ರಕರಣ ಸಾಕು. 1978ರಲ್ಲಿ ಒಬ್ಬ ಟ್ಯಾಕ್ಸಿ ಚಾಲಕನನ್ನು ಅವನ ಮನೆಯೆದುರೇ ಸುಲಿದು ಕೊಂದರು. ಕೊಂದವನು ಮುಖಕ್ಕೆ ಹಾಕಿದ್ದ ಕಾಲುಚೀಲದ ಮುಸುಕು ಹತ್ತಿರದಲ್ಲೇ ಸಿಕ್ಕಿತು, ಅದರಲ್ಲಿ 13 ಕೂದಲು. ಅವುಗಳಲ್ಲಿ ಒಂದು 17 ವರ್ಷದ ಒಬ್ಬ ಹುಡುಗನ ಕೂದಲಿಗೆ ಎಲ್ಲ ಲಕ್ಷಣಗಳಲ್ಲೂ ಹೊಂದುತ್ತದೆಂದು ಎಫ್‌ಬಿಐ ತಜ್ಞರು ಸಾಕ್ಷಿ ಹೇಳಿದರು. ‘ಹೊಂದುತ್ತದೆ’ ಎಂಬುದು ಸರ್ಕಾರಿ ವಕೀಲರ ಬಾಯಲ್ಲಿ, ಬೇರೆಯವರದಾಗಿರುವ ಸಾಧ್ಯತೆ ಕೋಟಿಗೆ ಒಂದು ಎಂದಾಯಿತು. ಹುಡುಗ 28 ವರ್ಷ ಜೈಲಿನಲ್ಲಿ ಕಳೆದ. ಕೊನೆಗೆ ಡಿಎನ್‌ಎ ಪರೀಕ್ಷೆ ಮಾಡಿದಾಗ ಒಂದು ಕೂದಲೂ ಅವನದಾಗಿರಲಿಲ್ಲ. ಒಂದಂತೂ ನಾಯಿಯ ಕೂದಲು. 2012ರಲ್ಲಿ ನ್ಯಾಯಾಲಯ ಅವನು ನಿರ್ದೋಷಿ ಎಂದಿತು. 2015ರಲ್ಲಿ ಎಫ್‌ಬಿಐ ತನ್ನ ಹಳೆಯ ಪ್ರಕರಣಗಳ ಪರಿಶೀಲನೆಯ ಫಲಿತಾಂಶವನ್ನು ಹೊರಹಾಕಿತು. ಆರೋಪಿಯ ವಿರುದ್ಧ ಕೂದಲಿನ ಸಾಕ್ಷ್ಯ ಬಳಸಿದ 268 ವಿಚಾರಣೆಗಳಲ್ಲಿ 257ರಲ್ಲಿ ತಜ್ಞರ ಹೇಳಿಕೆಯಲ್ಲಿ ದೋಷವಿತ್ತು.

ದೋಷವೆಂದರೆ ಹೆಚ್ಚಿನ ಕಡೆ ಸುಳ್ಳು ಹೇಳಿದ್ದಲ್ಲ, ವಿಜ್ಞಾನ ಹೇಳಬಲ್ಲದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದು. ‘ಅವನದಾಗಿರಬಹುದು’ ಎಂಬುದು ‘ಅವನದೇ’ ಆಗಲು ಕನ್ನಡದಲ್ಲೂ ಬಹಳ ಅಕ್ಷರ ಬದಲಾಯಿಸಬೇಕಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ನಮ್ಮ ಹೊಸ ಕಾನೂನಿನ ಪ್ರಕಾರ, 7 ವರ್ಷ ಅಥವಾ ಹೆಚ್ಚು ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ಸುಲಿಗೆಯೂ ಅದರಲ್ಲಿ ಸೇರುತ್ತದೆ. ರಾಜ್ಯಗಳಿಗೆ ಇದಕ್ಕೆ 5 ವರ್ಷದ ಕಾಲಾವಕಾಶವಿದೆ. ಇದು ಒಳ್ಳೆಯದೇ; ಹೊಡೆದು ಬಾಯಿ ಬಿಡಿಸುವುದಕ್ಕಿಂತ ದೂಳನ್ನು ಕೇಳುವುದು ಎಷ್ಟೋ ಮೇಲು. ಆದರೆ ಇನ್ನು ಮುಂದೆ ಕೂದಲು, ನಾರು, ಮಣ್ಣಿನ ವರದಿಗಳು ನಮ್ಮ ಕೋರ್ಟುಗಳಿಗೆ ಹೆಚ್ಚು ಹೆಚ್ಚಾಗಿ ಬರುತ್ತವೆ. ಹೆಗಲು ಬಿಳಿಯಾಗಿದೆ ಎಂದು ಬರೆಯುವುದು ಪ್ರಯೋಗಾಲಯದ ಕೆಲಸ. ಹಿಟ್ಟಿನ ಗಿರಣಿಯವನ ಹೆಗಲೂ ಬಿಳಿಯೇ ಎಂದು ಅದೇ ವರದಿಯಲ್ಲಿ ಬರೆಯುವುದೂ ಅದರದೇ ಕೆಲಸ.