ಬಂಡೀಪುರದ ದಾರಿಯಲ್ಲೊಂದು ಕೆಂಪು ದೀಪ

ಕಲ್ಪೆಟ್ಟದಿಂದ ಮೈಸೂರಿಗೆ ಹೋಗುವ ದಾರಿ ವಯನಾಡಿನ ನಮ್ಮ ಕನ್ನಡ ಮನೆಗಳಿಗೆ ತವರಿನ ದಾರಿ. ಸೊಸೆಯಂದಿರು ಬಂದದ್ದು ಇದೇ ದಾರಿಯಲ್ಲಿ, ಹೆಣ್ಣುಮಕ್ಕಳು ಹೋದದ್ದೂ ಇದೇ ದಾರಿಯಲ್ಲಿ. ಸುಮಾರು 140 ಕಿ.ಮೀ. ಕಾಫಿ ತೋಟ ಕಳೆದರೆ ಬತ್ತೇರಿ, ಬತ್ತೇರಿ ಕಳೆದರೆ ಮುತ್ತಂಗದ ಕಾಡು, ಕಾಡು ಕಳೆದರೆ ಗುಂಡ್ಲುಪೇಟೆಯ ಬಯಲು. ನಮ್ಮ ಹಿರಿಯರು ಬತ್ತೇರಿಯನ್ನು ಹನ್ನೆರಡು ಬೀದಿ ಎಂದೇ ಕರೆಯುತ್ತಿದ್ದರು. ಅಲ್ಲಿಯ ಕಲ್ಲಿನ ಬಸದಿಯನ್ನು ಟಿಪ್ಪುವಿನ ಸೈನ್ಯ ಮದ್ದುಗುಂಡಿನ ಕೋಠಿ ಮಾಡಿಕೊಂಡಿದ್ದರಿಂದ ಊರಿಗೆ ಸುಲ್ತಾನನ ಬ್ಯಾಟರಿ ಎಂಬ ಹೆಸರು ಬಂತಂತೆ. ಈಗ ಬಸದಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಆ ಕಡೆ ಹೋದವರು ಹತ್ತು ನಿಮಿಷ ಇಳಿದು ನೋಡಿ ಬರಬೇಕು.

ಕಳೆದ ಆಗಸ್ಟಿನಲ್ಲಿ ನಮಗೆ ಇಳಿಯಲು ಪುರುಸೊತ್ತಿರಲಿಲ್ಲ. ಹಾಸನದಲ್ಲಿರುವ ದೊಡ್ಡಮ್ಮನವರಿಗೆ, ಎಂದರೆ ನಮ್ಮ ತಾಯಿಯವರ ಅಕ್ಕನಿಗೆ, ಮೈ ಸರಿಯಿಲ್ಲವೆಂದು ರಾತ್ರಿ ಫೋನು ಬಂದಿತ್ತು. "ನೋಡುವವರು ಬೇಗ ಬನ್ನಿ" ಎಂದಷ್ಟೇ ಹೇಳಿದರು. ತಾಯಿಯವರಿಗೆ ಎಂಬತ್ತೆರಡು ವರ್ಷ. ರಾತ್ರಿಯೇ ಹೊರಡೋಣವೆಂದು ಸೀರೆ ಮಡಚಿಟ್ಟುಕೊಂಡು ಕುಳಿತರು. ಆದರೆ ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನಗಳಿಗೆ ತಡೆ. ಕಾಡುಪ್ರಾಣಿಗಳ ಪಾಲಿಗೆ ಅದು ಒಳ್ಳೆಯದೇ ಎಂದು ನಾವು ಯಾವಾಗಲೂ ವಾದಿಸುತ್ತಿದ್ದವರು. ಆ ರಾತ್ರಿ ಮಾತ್ರ ವಾದ ಮಾಡುವ ಹುರುಪು ಇರಲಿಲ್ಲ.

ಇನ್ನು ನಮ್ಮ ಕಾರಿನ ವಿಷಯ ಹೇಳಬೇಕು. 2008ರಲ್ಲಿ ಕೊಂಡ ಡೀಸೆಲ್ ಕಾರು. ಹದಿನೈದು ವರ್ಷ ತುಂಬಿದ ಮೇಲೆ ಐದು ವರ್ಷಕ್ಕೆ ನೋಂದಣಿ ಮುಂದುವರಿಸಿಕೊಂಡಿದ್ದೇವೆ. ಮಕ್ಕಳು ಮಾರಿಬಿಡಿ ಎನ್ನುತ್ತಾರೆ, ಮನಸ್ಸು ಬರುವುದಿಲ್ಲ. ಜನವರಿಯ ಚಳಿಯಲ್ಲಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಮೂರು ಸಲ ಕುಂಯ್‌ಗುಟ್ಟಿ, ಮುಂದಿನ ಪಟ್ಟಿಯಲ್ಲಿ ಕೆಂಪು ದೀಪ ಮಿನುಗಿ, "ನಿಲ್ಲಿಸಿ, ಕೂಲೆಂಟ್ ನೋಡಿ" ಎಂದು ಇಂಗ್ಲಿಷಿನಲ್ಲಿ ಅಕ್ಷರ ಬಂತು. ಬಾನೆಟ್ ಎತ್ತಿ ನೋಡಿದರೆ ಡಬ್ಬಿಯಲ್ಲಿ ನೀರು ಎರಡು ಗೆರೆಗಳ ನಡುವೆ ಸರಿಯಾಗಿಯೇ ಇತ್ತು. ಹತ್ತು ನಿಮಿಷ ಓಡಿಸಿದ ಮೇಲೆ ದೀಪ ತಾನಾಗಿ ಆರಿತು. ಆಮೇಲೆ ವಾರಕ್ಕೊಮ್ಮೆ, ಎರಡು ದಿನಕ್ಕೊಮ್ಮೆ ಇದೇ ಆಟ.

ಮೊದಲು ತೋರಿಸಿದ ಗ್ಯಾರೇಜಿನವರು ಗುಲಾಬಿ ಬಣ್ಣದ ಕೂಲೆಂಟಿಗೆ ಹಸಿರು ಬಣ್ಣದ್ದನ್ನು ಸುರಿದು ಕಳುಹಿಸಿದರು. ಇದು ತಪ್ಪು. ಬಣ್ಣ ಬೇರೆಯಾದರೆ ಸಾಮಾನ್ಯವಾಗಿ ಒಳಗಿನ ರಾಸಾಯನಿಕವೂ ಬೇರೆ; ಕೆಲವು ಜಾತಿಗಳು ಸೇರಿದರೆ ಗಂಜಿಯಂತಾಗಿ ಸಣ್ಣ ಕೊಳವೆಗಳನ್ನು ಕಟ್ಟುತ್ತವೆ. ಪುಸ್ತಕ ಓದಿ ತಿಳಿದ ಮೇಲೆ ಎಲ್ಲವನ್ನೂ ಇಳಿಸಿ, ತೊಳೆದು, ಹೊಸದು ತುಂಬಿಸಿದೆವು. ಇಳಿಸಿದ್ದನ್ನು ನೆಲಕ್ಕೆ ಚೆಲ್ಲಲು ಬಿಡಲಿಲ್ಲ. ಕೂಲೆಂಟ್ ರುಚಿಗೆ ಸಿಹಿ, ಆದರೆ ವಿಷ. ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ. ಗ್ಯಾರೇಜಿನ ಹುಡುಗ ನಗುತ್ತಲೇ ಬೋಗುಣಿ ಹಿಡಿದ. ವಾಚಕರಲ್ಲಿ ಕಾರಿರುವವರು ಇದನ್ನೊಂದು ನೆನಪಿಟ್ಟುಕೊಳ್ಳಬೇಕು.

ಎರಡನೆಯ ಗ್ಯಾರೇಜಿನವರ ಉಪಾಯ ಇನ್ನೂ ಸುಲಭ. ಡಬ್ಬಿಯ ಒಳಗೆ ಎರಡು ಲೋಹದ ಕಡ್ಡಿಗಳಿವೆ. ನೀರಿನ ಮೂಲಕ ಒಂದರಿಂದ ಇನ್ನೊಂದಕ್ಕೆ ಅತಿ ಸಣ್ಣ ವಿದ್ಯುತ್ತು ಹರಿಯುತ್ತದೆ. ನೀರು ಇಳಿದರೆ ಹರಿವು ನಿಂತು ದೀಪ ಹತ್ತುತ್ತದೆ. ಕಡ್ಡಿಗೆ ಪಾಚಿಯಂತೆ ಕಿಲುಬು ಕಟ್ಟಿದರೂ, ತಂತಿಯ ಕೊಂಡಿ ಹಸಿರುಗಟ್ಟಿದರೂ ಕಾರಿಗೆ ನೀರಿಲ್ಲವೆಂದೇ ತೋರುತ್ತದೆ. ಬರೀ ಬಟ್ಟಿ ಇಳಿಸಿದ ನೀರು ತುಂಬಿದರೂ ಹಾಗೆಯೇ. ಅದರಲ್ಲಿ ವಿದ್ಯುತ್ತು ಹರಿಯುವುದು ತೀರ ಕಡಿಮೆ. "ಆ ಎರಡು ತಂತಿ ಒಂದು ಮಾಡಿಬಿಟ್ಟರೆ ಜನ್ಮದಲ್ಲಿ ದೀಪ ಬರೋದಿಲ್ಲ" ಎಂದರು. ನಮಗೂ ಸಾಕಾಗಿತ್ತು, ಒಪ್ಪುವವರೇ ಇದ್ದೆವು. ನಮ್ಮ ಮನೆಯವರು, "ಹಾಲು ಉಕ್ಕುತ್ತದೆ ಅಂತ ಹೇಳುವ ಮಗುವಿನ ಬಾಯಿ ಮುಚ್ಚುತ್ತೀರಾ?" ಎಂದು ಕೇಳಿದ್ದರಿಂದ ಸುಮ್ಮನಾದೆವು. ಕೊಂಡಿಯನ್ನು ಉಜ್ಜಿ ಹಾಕಿಸಿಕೊಂಡು ಬಂದೆವು. ಒಂದು ತಿಂಗಳು ಶಾಂತಿ. ಮತ್ತೆ ದೀಪ. ಆಷಾಢ ಕಳೆಯುವ ಹೊತ್ತಿಗೆ ನಾವು ಅದನ್ನು ಗಮನಿಸುವುದನ್ನೇ ಬಿಟ್ಟಿದ್ದೆವು.

ಹೊರಟದ್ದು ಬೆಳಗಿನ ನಾಲ್ಕೂವರೆಗೆ. ಟಾರ್ಚ್ ಬಿಟ್ಟು ನೋಡಿದಾಗ ನೀರು ಸರಿಯಿತ್ತು. ಮೂಲೆಹೊಳೆಯ ಗೇಟಿನ ಮುಂದೆ ತರಕಾರಿ ಲಾರಿಗಳ ಸಾಲು. ಆರಕ್ಕೆ ಗೇಟು ತೆರೆಯಿತು. ಮಳೆ ನಿಂತ ಕಾಡು, ರಸ್ತೆಯ ಎರಡೂ ಬದಿ ಹಸಿರು, ದೂರದಲ್ಲಿ ಚುಕ್ಕೆ ಜಿಂಕೆಗಳು. ತಾಯಿಯವರು ಕಿಟಕಿಯ ಕಡೆ ನೋಡಲೇ ಇಲ್ಲ. ಜಪಮಾಲೆ ಹಿಡಿದು ಕುಳಿತಿದ್ದರು.

ಎಂಟು ಕಿಲೋಮೀಟರು ಹೋಗಿರಬಹುದು. ಮೂರು ಸಲ ಕುಂಯ್‌ಗುಟ್ಟಿತು. "ಹಳೇ ಕಥೆ" ಎಂದುಕೊಂಡು ಮುಂದೆ ಹೋದೆವು. ಶಾಖದ ಮುಳ್ಳು 90ರಲ್ಲೇ ಇತ್ತು. ಆ ಮುಳ್ಳನ್ನು ನಂಬಬಾರದೆಂದು ಆಮೇಲೆ ತಿಳಿಯಿತು: ಇಂಥ ಅನೇಕ ಕಾರುಗಳಲ್ಲಿ ಶಾಖ ಸ್ವಲ್ಪ ಏರಿದರೂ ಇಳಿದರೂ ಮುಳ್ಳು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಅಳೆಯುವ ಕಡ್ಡಿಯ ಸುತ್ತ ನೀರೇ ಇಲ್ಲದಿದ್ದರೆ ಅದು ಬಿಸಿ ಗಾಳಿಯನ್ನು ಅಳೆಯುತ್ತ ಸುಳ್ಳು ಹೇಳುವುದೂ ಉಂಟು. ಈ ಸಲ ಮಾತ್ರ ದೀಪ ಆರಲಿಲ್ಲ. ಜೊತೆಗೆ ಕಾರಿನೊಳಗೆ ಸಿಹಿಯಾದ, ಪಾಕ ಸೀದಂಥ ವಾಸನೆ ಬಂತು. ನಮ್ಮ ಮನೆಯವರು ನಮ್ಮ ಮುಖ ನೋಡಿದರು.

ಅಲ್ಲಿ ನಿಲ್ಲುವಂತಿಲ್ಲ, ನಿಯಮವೂ ಇಲ್ಲ, ಧೈರ್ಯವೂ ಇಲ್ಲ. ಗೇಟಿನಿಂದ ಗೇಟಿಗೆ ಸುಮಾರು ಇಪ್ಪತ್ತು ಕಿಲೋಮೀಟರು ಕಾಡು. ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ಹಾಕಿದೆವು. ಹೀಟರು ಎಂಜಿನ್ನಿನ ಶಾಖವನ್ನೇ ಎಳೆದು ಒಳಗೆ ಬಿಡುತ್ತದೆ, ಎಂಜಿನ್ನಿಗೆ ಅಷ್ಟು ಹೊರೆ ಕಡಿಮೆ. ನಲವತ್ತರ ವೇಗದಲ್ಲಿ, ಏರಿನಲ್ಲಿ ಒತ್ತದೆ, ಇಳಿಜಾರಿನಲ್ಲಿ ಹರಿಯಬಿಟ್ಟು ಸಾಗಿದೆವು. ಸ್ವಲ್ಪ ಹೊತ್ತಿಗೆ ಹೀಟರಿನಿಂದ ತಣ್ಣನೆಯ ಗಾಳಿ ಬರತೊಡಗಿತು. ಸಂತೋಷಪಡುವ ವಿಷಯವಲ್ಲ ಅದು: ಹೀಟರಿಗೆ ಹೋಗುವಷ್ಟು ನೀರೂ ಉಳಿದಿಲ್ಲವೆಂದು ಅರ್ಥ. ಮುಂದಿನ ತಿರುವಿನಲ್ಲೇ ಮದ್ದೂರು ಚೆಕ್‌ಪೋಸ್ಟ್ ಕಂಡಿತು. ವಡೆಯ ಮದ್ದೂರಲ್ಲ, ಕಾಡಂಚಿನ ಈ ಮದ್ದೂರು ನಮಗೆ ಅಂದು ಅದಕ್ಕಿಂತ ರುಚಿಯಾಗಿ ಕಂಡಿತು.

ಬಾನೆಟ್ ಎತ್ತಿದೆವು, ಮುಚ್ಚಳ ಮುಟ್ಟಲಿಲ್ಲ. ಕುಕ್ಕರಿನಂತೆಯೇ ಅದು. ಒತ್ತಡದಲ್ಲಿ ನೂರು ಡಿಗ್ರಿ ದಾಟಿದರೂ ಕುದಿಯದೆ ನಿಂತಿರುವ ನೀರು, ಮುಚ್ಚಳ ತೆಗೆದೊಡನೆ ಕುದಿದು ಮುಖಕ್ಕೆ ಹಾರುತ್ತದೆ. ಮುಕ್ಕಾಲು ಗಂಟೆ ಕಾದು, ಬಟ್ಟೆ ಹಿಡಿದು ಮೆಲ್ಲಗೆ ತಿರುಗಿಸಿದೆವು. ಡಬ್ಬಿ ಬರಿದಾಗಿತ್ತು. ಸುರಿಯಲು ನಮ್ಮಲ್ಲಿ ನೀರಿರಲಿಲ್ಲ. ತಾಯಿಯವರು ತಮ್ಮ ಸ್ಟೀಲಿನ ತಂಬಿಗೆಯನ್ನು ಕೊಟ್ಟರು. ಅವರು ಹೊರಗೆಲ್ಲೂ ನೀರು ಕುಡಿಯುವವರಲ್ಲ. ಸೋಸಿ ಕಾಯಿಸಿ ತಂದ, ಇಡೀ ದಿನಕ್ಕೆಂದು ಇಟ್ಟುಕೊಂಡ ನೀರದು. ಬೇಡವೆಂದೆವು. "ಅಕ್ಕನ ಮನೆಯಲ್ಲಿ ಕುಡೀತೀನಿ, ಹಾಕು" ಎಂದರು.

ಆ ನೀರಿನಲ್ಲೇ ಗುಂಡ್ಲುಪೇಟೆ ಮುಟ್ಟಿದೆವು. ಬಸ್ ನಿಲ್ದಾಣದ ಹತ್ತಿರ ತಾಯಿಯವರನ್ನೂ ನಮ್ಮ ಮನೆಯವರನ್ನೂ ಮೈಸೂರು ಬಸ್ಸಿಗೆ ಹತ್ತಿಸಿದೆವು. ಹಾಗೆ ಮಾಡಬಹುದೆಂದು ಮೊದಲು ಹೇಳಿದವರು ತಾಯಿಯವರೇ. ಕಾರಿನ ಚಿಂತೆಯಲ್ಲಿ ನಮಗೆ ಹೊಳೆದೇ ಇರಲಿಲ್ಲ.

ಅಲ್ಲಿ ಸಿಕ್ಕ ಮೆಕ್ಯಾನಿಕ್ ಮಾತು ಕಡಿಮೆ. ಡಬ್ಬಿಗೆ ನೀರು ತುಂಬಿ, ಮುಚ್ಚಳದ ಜಾಗಕ್ಕೆ ಸೈಕಲ್ ಪಂಪಿನಂಥದ್ದೊಂದನ್ನು ಕೂರಿಸಿ ಒತ್ತಿದರು. ಕನ್ನಡಿ ಹಿಡಿದು ಎಂಜಿನ್ನಿನ ಪಕ್ಕ ತೋರಿಸಿದರು. ಎಂಜಿನ್ ತಲೆಯಿಂದ ರಬ್ಬರ್ ಕೊಳವೆಗೆ ನೀರು ದಾಟಿಸುವ ಅಂಗೈಯಗಲದ ಪ್ಲಾಸ್ಟಿಕ್ ತುಂಡು. ಅದರಲ್ಲೊಂದು ಕೂದಲೆಳೆಯ ಸೀಳು. ಕೆಳಗೆ ಗುಲಾಬಿ ಛಾಯೆಯ ಉಪ್ಪಿನಂಥ ಒಣಗಿದ ಕಲೆ. ಕಾದು ಒತ್ತಡ ಏರಿದಾಗ ಮಾತ್ರ ಸೀಳು ಬಾಯಿ ತೆರೆಯುತ್ತದೆ, ಬಿಸಿ ಎಂಜಿನ್ನಿನ ಮೇಲೆ ಬಿದ್ದ ಹನಿ ಅಲ್ಲೇ ಆರುತ್ತದೆ. ಆದ್ದರಿಂದ ನಮ್ಮ ಅಂಗಳದಲ್ಲಿ ಒಂದು ತೊಟ್ಟೂ ಕಂಡಿರಲಿಲ್ಲ. ತಂತಿಯ ಕೊಂಡಿಯೂ ಕೆಟ್ಟಿತ್ತು. ಹೀಗೆ ಒಂದೇ ದೀಪ ಏಳು ತಿಂಗಳು ಒಮ್ಮೆ ಸುಳ್ಳು, ಒಮ್ಮೆ ನಿಜ ಹೇಳುತ್ತ ಬಂದಿತ್ತು. ಯಾವುದು ಯಾವುದೆಂದು ಕೇಳುವ ತಾಳ್ಮೆ ನಮಗಿರಲಿಲ್ಲ. ಗೆರೆಯ ಮೇಲೆ ದಿನಾಂಕ ಬರೆದು ಪ್ರತಿದಿನ ತಣ್ಣಗಿರುವಾಗ ನೋಡಿದ್ದರೆ ಸಾಕಿತ್ತು ಎಂದು ಅವರು ಹೇಳಿದಾಗ ನಾಚಿಕೆಯಾಯಿತು.

ತುಂಡು ಮೈಸೂರಿನಿಂದ ಬಸ್ಸಿನಲ್ಲಿ ಬರಬೇಕಿತ್ತು. ಕಾಯುತ್ತ ಊರ ಹೊರಗೆ ನಡೆದೆವು. ಆಗಸ್ಟಿನ ಗುಂಡ್ಲುಪೇಟೆ ಎಂದರೆ ಚೆಂಡುಹೂವು, ಸೂರ್ಯಕಾಂತಿ. ಓಣಂ ಹತ್ತಿರವಾದ್ದರಿಂದ ನಮ್ಮ ಕಡೆಯ ಕಾರುಗಳು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದವು. ಮೂರು ಗಂಟೆಗೆ ಫೋನು ಬಂತು: ಹಾಸನ ತಲುಪಿದ್ದಾರೆ, ದೊಡ್ಡಮ್ಮನವರಿಗೆ ಎಚ್ಚರವಿದೆ, ಅಕ್ಕತಂಗಿಯರು ಮಾತನಾಡುತ್ತಿದ್ದಾರೆ, ಯಾರನ್ನೂ ಒಳಗೆ ಬಿಡುತ್ತಿಲ್ಲ.

ನಾವು ಹಾಸನ ಸೇರಿದಾಗ ರಾತ್ರಿ ಒಂಬತ್ತು. ತಾಯಿಯವರು ಆರು ದಿನ ಅಕ್ಕನ ಪಕ್ಕದಲ್ಲೇ ಇದ್ದರು. ಏಳನೆಯ ದಿನ ದೊಡ್ಡಮ್ಮನವರು ಹೋದರು. ಕಾರ್ಯಗಳನ್ನೆಲ್ಲ ಮುಗಿಸಿಕೊಂಡು ಹಿಂದಿರುಗುವಾಗ ಮದ್ದೂರು ಚೆಕ್‌ಪೋಸ್ಟ್ ದಾಟಿದ ಮೇಲೆ ತಾಯಿಯವರು ಮೊದಲ ಸಲ ಮಾತನಾಡಿದರು. "ದೀಪ ಬಂತೇನೋ?" ಎಂದು ಕೇಳಿದರು. ಇಲ್ಲವೆಂದೆವು. ಮೂಲೆಹೊಳೆಯವರೆಗೆ ಇನ್ನೂ ನಾಲ್ಕು ಸಲ ಕೇಳಿದರು.