ತವರಿನ ಹೆಸರು

ಗಂಡು ಸಂತಾನವಿಲ್ಲದ ಮನೆಯನ್ನು ಕುರಿತು ಲೋಕ ಸುಲಭವಾಗಿ ಆಡುವ ಮಾತೊಂದುಂಟು: ‘ಆ ವಂಶ ಅಲ್ಲಿಗೆ ಮುಗಿಯಿತು.’ ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ತಮ್ಮ ಪೂರ್ವಜರನ್ನು ಅರಸುತ್ತ ಇಗರ್ಜಿಗಳ ಹಳೆಯ ದಫ್ತರಗಳನ್ನು ತಿರುವಿಹಾಕುವವರಿಗೆ ಈ ಮಾತಿನ ಟೊಳ್ಳು ಬಲುಬೇಗ ತಿಳಿಯುತ್ತದೆ.

ಪ್ಯಾರಿಸ್ ನಗರದ ಔಷಧ ವ್ಯಾಪಾರಿ ಲೂಯಿ ಎಬೆರ್ 1617ರಲ್ಲಿ ಪತ್ನಿ ಮರೀ ರೊಲೆ ಹಾಗೂ ಮೂವರು ಮಕ್ಕಳೊಡನೆ ಕ್ವಿಬೆಕ್ಕಿಗೆ ಬಂದಿಳಿದನು. ಸಂಸಾರಸಮೇತನಾಗಿ ಅಲ್ಲಿ ನೆಲಸಿ ಬೇಸಾಯ ಹೂಡಿದ ಮೊದಲ ಫ್ರೆಂಚನೆಂದು ಇತಿಹಾಸ ಅವನನ್ನು ನೆನೆಯುತ್ತದೆ. ಹಿರಿಯ ಮಗಳು ಆನ್ ಬಂದ ಕೆಲವೇ ವರ್ಷಗಳಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. 1627ರ ಚಳಿಗಾಲದಲ್ಲಿ ಹಿಮಗಡ್ಡೆಯ ಮೇಲೆ ಜಾರಿ ಬಿದ್ದ ತಂದೆಯೂ ಕಣ್ಮುಚ್ಚಿದನು. ಮಗ ಗಿಯೋಮ್ 1639ರಲ್ಲಿ ಗತಿಸಿದನು. ಅವನ ಮಗ ಜೋಸೆಫ್ ಇರೊಕ್ವಾ ಜನರ ಕೈಗೆ ಸಿಕ್ಕಿ ಹತನಾದನು. ಎಬೆರನ ಗಂಡುಸಾಲು ಅಲ್ಲಿಗೆ ನಿಂತಿತು.

ವಂಶವೂ ನಿಂತಿತೆ? ಇಲ್ಲ. ಎರಡನೆಯ ಮಗಳು ಗಿಯೆಮೆತ್ 1621ರಲ್ಲಿ ಗಿಯೋಮ್ ಕುಯಾರನ ಕೈಹಿಡಿದಿದ್ದಳು. 1629ರಲ್ಲಿ ಆಂಗ್ಲರು ಕ್ವಿಬೆಕ್ಕನ್ನು ವಶಪಡಿಸಿಕೊಂಡಾಗ ಬಹುಮಂದಿ ಫ್ರೆಂಚರು ಸ್ವದೇಶಕ್ಕೆ ಮರಳಿದರೂ ಈ ಮನೆಯವರು ನೆಲ ಬಿಡಲಿಲ್ಲ. ಗಿಯೆಮೆತಳಿಗೆ ಹತ್ತು ಮಕ್ಕಳು. ಇಂದು ಅಸಂಖ್ಯಾತ ಕುಟುಂಬಗಳು ಅವಳ ಕೈಹಿಡಿದೇ ಆ ಮೂಲ ದಂಪತಿಗಳನ್ನು ತಲುಪುತ್ತವೆ. ವಿಚಿತ್ರವೆಂದರೆ, ಎಬೆರ್ ಎಂಬ ಉಪನಾಮವುಳ್ಳವರು ಅಲ್ಲಿ ಇಂದಿಗೂ ಹೇರಳ. ಆ ಹೆಸರು ಅವರಿಗೆ ಬಂದುದು ಬೇರೆ ವಲಸೆಗಾರರಿಂದ. ಹೆಸರುಳ್ಳವರು ಅವನ ಗಂಡುಸಾಲಿನವರಲ್ಲ. ಅವನ ರಕ್ತವುಳ್ಳವರಿಗೆ ಅವನ ಹೆಸರಿಲ್ಲ!

ಹೀಗಿದ್ದೂ ದಾರಿ ತಪ್ಪದಿರುವುದಕ್ಕೆ ಕಾರಣ ಪಾದ್ರಿಗಳ ಬರವಣಿಗೆಯ ಒಂದು ರೂಢಿ. ಜ್ಞಾನಸ್ನಾನ, ವಿವಾಹ, ಮರಣ—ಯಾವುದನ್ನು ಬರೆಯುವಾಗಲೂ ಹೆಂಗಸನ್ನು ಅವರು ತವರಿನ ಹೆಸರಿನಿಂದಲೇ ಗುರುತಿಸುತ್ತಿದ್ದರು. 1663ರಿಂದ 1673ರವರೆಗೆ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಖರ್ಚಿನಲ್ಲಿ ಕಡಲು ದಾಟಿ ಬಂದ ಸುಮಾರು 770 ಕನ್ಯೆಯರಲ್ಲಿ ಅನೇಕರಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ಆದರೂ ಅವರ ಹೆಸರು ಗಂಡನ ಹೆಸರಿನಲ್ಲಿ ಕರಗಿಹೋಗಲಿಲ್ಲ. ಗಂಡಸರ ಹೆಸರುಗಳೇ ಹೆಚ್ಚು ತೊಡಕಿನವು. ಸಿಪಾಯಿಗಳಿಗೆ ‘ಹೂವು’ ಎಂಬರ್ಥದ ಲಾಫ್ಲರ್, ‘ನಿಶ್ಚಿಂತ’ ಎಂಬರ್ಥದ ಸಾನ್ಸೂಸಿ ಮೊದಲಾದ ಅಡ್ಡಹೆಸರುಗಳಿದ್ದುವು. ಅಣ್ಣ ಕುಲದ ಹೆಸರನ್ನೂ ತಮ್ಮ ಅಡ್ಡಹೆಸರನ್ನೂ ಉಳಿಸಿಕೊಂಡರೆ, ಎರಡು ತಲೆಮಾರಿನಲ್ಲಿ ದಾಯಾದಿಗಳೇ ಅಪರಿಚಿತರು.

1640ರಲ್ಲಿ ಬೆಂಕಿ ಬಿದ್ದು ಕ್ವಿಬೆಕ್ಕಿನ ಇಗರ್ಜಿಯೂ ಅದರ ದಫ್ತರಗಳೂ ಭಸ್ಮವಾದುವು. ಊರವರು ತಮ್ಮ ತಮ್ಮ ನೆನಪಿನಿಂದ ಹೇಳಿದುದನ್ನು ಕೇಳಿ ಅವನ್ನು ಮತ್ತೆ ಬರೆಯಲಾಯಿತು. ಗಿಯೆಮೆತಳ ಮದುವೆಯ ದಾಖಲೆ ಇಂದು ಓದಲು ಸಿಗುವುದು ಹಾಗೆ. ಮುಂದೆ ಸಿಪ್ರಿಯಾನ್ ತಾಂಗೇ ಎಂಬ ಪಾದ್ರಿ ಇಂತಹ ದಫ್ತರಗಳನ್ನೆಲ್ಲ ಶೋಧಿಸಿ, 1871ರಿಂದ 1890ರೊಳಗೆ ಏಳು ಸಂಪುಟಗಳ ವಂಶಕೋಶವನ್ನು ಪ್ರಕಟಿಸಿದನು.

ಆದರೆ ಅದೇ ಪುಟಗಳಲ್ಲಿ ಬೇರೆ ಬಗೆಯ ಹೆಸರುಗಳೂ ಇವೆ. ಗುಲಾಮರಾಗಿ ಮಾರಾಟಗೊಂಡ ಮೂಲನಿವಾಸಿಗಳು ಹಾಗೂ ಆಫ್ರಿಕದವರು ಅಲ್ಲಿ ಬಹುಮಟ್ಟಿಗೆ ಒಂದೇ ಪದದಲ್ಲಿ ಮುಗಿದುಬಿಡುತ್ತಾರೆ: ಪಾದ್ರಿ ಇಟ್ಟ ಕ್ರೈಸ್ತ ನಾಮವೊಂದು, ಪಕ್ಕದಲ್ಲಿ ಯಜಮಾನನ ಹೆಸರು. ತಂದೆಯಿಲ್ಲ, ತಾಯಿಯಿಲ್ಲ, ತವರಿಲ್ಲ. ಹುಡುಕುವವನ ಬೆರಳು ಅಲ್ಲಿ ಬಂದು ನಿಂತುಬಿಡುತ್ತದೆ.

1981ರಿಂದ ಕ್ವಿಬೆಕ್ಕಿನ ಕಾನೂನಿನಂತೆ ವಿವಾಹಿತ ಸ್ತ್ರೀಗೆ ಹುಟ್ಟುಹೆಸರೇ ಅಧಿಕೃತ ನಾಮ. ವಂಶವನ್ನು ಮುಗಿಸುವುದು ಗಂಡುಮಗುವಿನ ಅಭಾವವಲ್ಲ. ತಾಯಿಯ ಹೆಸರನ್ನು ಬರೆದಿಡದ ಲೇಖನಿ.